ಬಣ್ಣ ಬಿಡದ ನೂಲು

ಬೆಟಗೇರಿಯಲ್ಲಿ ನಮ್ಮ ಅಜ್ಜನದೊಂದು ನೂಲಿನ ಅಂಗಡಿ ಇತ್ತು. ಅವರೊಬ್ಬರದೇ ಅಲ್ಲ, ಮೂವರು ಪಾಲುದಾರರದು. ನಾನು ಹುಟ್ಟುವ ಹೊತ್ತಿಗೆ ಅಂಗಡಿ ಮುಚ್ಚಿ ಬಹಳ ವರ್ಷಗಳಾಗಿದ್ದವು. ಪಾಲುದಾರರ ನಡುವಿನ ವ್ಯಾಜ್ಯ ಮಾತ್ರ ನಾನು ಶಾಲೆಗೆ ಹೋಗುವ ಕಾಲಕ್ಕೂ ಬದುಕಿತ್ತು. ಅಂಗಡಿಯ ಗುರುತಾಗಿ ಮನೆಯಲ್ಲಿ ಉಳಿದದ್ದು ಎರಡೇ: ಕೆಂಪು ಬಟ್ಟೆಯ ರಟ್ಟಿದ್ದ ಉದ್ದನೆಯ ಕಿರ್ದಿ ಪುಸ್ತಕ, ಅದರ ಒಳಪುಟಕ್ಕೆ ಅಂಟಿಸಿದ್ದ ಒಂದು ಲಕ್ಷ್ಮಿಯ ಚಿತ್ರ.

ಆ ಚಿತ್ರವನ್ನು ಅತ್ತೆ ಎಂದೋ ಬಿಡಿಸಿ, ಚೌಕಟ್ಟು ಹಾಕಿಸಿ, ದೇವರ ಜಗಲಿಯ ಮೇಲೆ ಇಟ್ಟಿದ್ದರು. ಕೆಲವು ವರ್ಷಗಳ ಹಿಂದೆ ಗಾಜಿನ ಮೇಲಿನ ದೀಪದ ಕರಿ ಒರೆಸಲೆಂದು ಅದನ್ನು ಬಿಚ್ಚಿದೆ. ಚೌಕಟ್ಟಿನ ಅಂಚಿನಡಿ ಅಡಗಿದ್ದ ಒಂದು ಸಾಲು ಹೊರಬಂತು. ಇಂಗ್ಲಿಷ್ ಅಕ್ಷರಗಳು; ಅರ್ಧ ಅಳಿಸಿಹೋದ ಕಂಪನಿಯ ಹೆಸರು, ಅದರ ಕೆಳಗೆ ಸ್ಪಷ್ಟವಾಗಿ ಗ್ಲಾಸ್ಗೋ ಎಂದು. ನಮ್ಮ ಮನೆಯಲ್ಲಿ ಮೂರು ತಲೆಮಾರು ಕೈಮುಗಿದದ್ದು ಪೂಜೆಯ ಪಟಕ್ಕಲ್ಲ, ನೂಲಿನ ಕಟ್ಟಿಗೆ ಹಚ್ಚಿ ಕಳುಹಿಸಿದ್ದ ಚೀಟಿಗೆ.

ಅಂದಿನಿಂದ ನನಗೆ ಆ ಕೆಂಪಿನ ಹುಚ್ಚು ಹಿಡಿಯಿತು. 19ನೆಯ ಶತಮಾನದ ಉತ್ತರಾರ್ಧದಲ್ಲಿ ಸ್ಕಾಟ್ಲೆಂಡಿನ ಗ್ಲಾಸ್ಗೋ ಸಮೀಪದ ಲೆವೆನ್ ಕಣಿವೆಯ ಕಾರ್ಖಾನೆಗಳು ಕೆಂಪು ಬಟ್ಟೆಯನ್ನೂ ಕೆಂಪು ನೂಲನ್ನೂ ಹಡಗುಗಟ್ಟಲೆ ಭಾರತಕ್ಕೆ ಕಳುಹಿಸುತ್ತಿದ್ದವು. ಓದು ಬಾರದ ಗಿರಾಕಿಗೂ ಸರಕಿನ ಗುರುತು ಸಿಗಲೆಂದು ಮೇಲೆ ನಮ್ಮ ದೇವರುಗಳ, ಆನೆಗಳ, ನವಿಲುಗಳ ಬಣ್ಣದ ಚೀಟಿ ಅಂಟಿಸುತ್ತಿದ್ದರು. ಆ ಕೆಂಪಿಗೆ ಅವರು ಇಟ್ಟಿದ್ದ ಹೆಸರು ‘ಟರ್ಕಿ ಕೆಂಪು’. ಎಷ್ಟು ಒಗೆದರೂ, ಎಷ್ಟು ಬಿಸಿಲಿಗೆ ಹಾಕಿದರೂ ಬಣ್ಣ ಬಿಡದ ಕೆಂಪು ಅದು. ಕೆಂಪು ಸೀರೆಯ ಜೊತೆ ಬಿಳಿ ಪಂಚೆಯನ್ನು ಒಂದೇ ಬಕೆಟ್ಟಿನಲ್ಲಿ ನೆನೆಹಾಕಿ ಬೈಸಿಕೊಂಡ ಯಾರಿಗಾದರೂ ಆ ಮಾತಿನ ಬೆಲೆ ಗೊತ್ತು.

ಸ್ಕಾಟ್ಲೆಂಡಿನ ಸರಕಿಗೆ ಟರ್ಕಿಯ ಹೆಸರೇಕೆ? ನೂಲಿನ ತುದಿ ಹಿಡಿದು ಹಿಂದಕ್ಕೆ ಹೋದೆ. ಗ್ಲಾಸ್ಗೋದ ಡಾಲ್ಮಾರ್ನಾಕ್‌ನಲ್ಲಿ ಈ ಬಣ್ಣಗಾರಿಕೆ ಶುರುವಾದದ್ದು 1785ರಲ್ಲಿ, ಫ್ರಾನ್ಸಿನ ರುವಾನ್ ಕಡೆಯಿಂದ ಬಂದ ಪಾಪಿಯೋಂ ಎಂಬ ಬಣ್ಣಗಾರನ ಕೈಯಿಂದ. ಫ್ರೆಂಚರಿಗೆ ಅದನ್ನು ಕಲಿಸಿದವರು ಗ್ರೀಕರು: 1747ರಲ್ಲಿ ರುವಾನ್ ಪಕ್ಕದ ಡಾರ್ನೆತಾಲ್‌ಗೆ ಗ್ರೀಕ್ ಬಣ್ಣಗಾರರನ್ನು ಸಂಬಳ ಕೊಟ್ಟು ಕರೆತರಲಾಗಿತ್ತು. ಆ ಗ್ರೀಕರು ಒಟ್ಟೋಮನ್ ಸುಲ್ತಾನನ ಪ್ರಜೆಗಳಾದ್ದರಿಂದ, ಅವರ ಕೆಂಪು ಟರ್ಕಿ ಕೆಂಪಾಯಿತು. ಈ ವಿದ್ಯೆಯನ್ನು ಬಲ್ಲ ಊರುಗಳು ಸುಲ್ತಾನನ ರಾಜ್ಯದಲ್ಲಿ ಹಲವಿದ್ದವು. ನನ್ನ ಮನಸ್ಸು ಹೋಗಿ ಕುಳಿತದ್ದು ಅವುಗಳಲ್ಲಿ ತೀರ ಚಿಕ್ಕದೊಂದರ ಮೇಲೆ. ಅದರ ಹೆಸರು ಅಂಬೆಲಾಕಿಯಾ. ಪುಟ್ಟ ದ್ರಾಕ್ಷಿತೋಟಗಳು ಎಂದು ಅರ್ಥ.

ನಾನು ಆ ಊರಿಗೆ ಹೋಗಿಲ್ಲ. ಹೋಗುತ್ತೇನೆಂಬ ಭರವಸೆಯೂ ಮಂಡಿನೋವಿನಿಂದಾಗಿ ಕಡಿಮೆ, ಏಕೆಂದರೆ ಅದು ಬೆಟ್ಟದ ಓರೆಯ ಊರು. ಗ್ರೀಸಿನ ಥೆಸ್ಸಲಿ ಪ್ರಾಂತ್ಯದಲ್ಲಿ ಒಲಿಂಪಸ್ ಮತ್ತು ಒಸ್ಸಾ ಎಂಬ ಎರಡು ಪರ್ವತಗಳ ನಡುವೆ ಪಿನಿಯೋಸ್ ನದಿ ಕೊರೆದು ಹರಿದ ಇಕ್ಕಟ್ಟಾದ ಕಮರಿಯಿದೆ. ಅದೇ ಟೆಂಪೆ ಕಣಿವೆ. ಗ್ರೀಕ್ ಪುರಾಣದಲ್ಲಿ ಅಪೋಲೋ ದೇವರು ಲಾರೆಲ್ ಎಲೆಯನ್ನು ಕಿತ್ತದ್ದು ಇಲ್ಲಿ. 2023ರ ಫೆಬ್ರವರಿ ಕೊನೆಯ ರಾತ್ರಿ ಎರಡು ರೈಲುಗಳು ಡಿಕ್ಕಿಯಾಗಿ 57 ಜನ ಸತ್ತದ್ದೂ ಇದರ ಬಳಿಯೇ. ಈಗ ಟೆಂಪೆ ಎಂದರೆ ಗ್ರೀಕರಿಗೆ ಮೊದಲು ನೆನಪಾಗುವುದು ಆ ರಾತ್ರಿ. ಕಣಿವೆಯ ಬಾಯಲ್ಲಿ, ಹೆದ್ದಾರಿಯ ಪಕ್ಕದಲ್ಲಿ ಬಾಬಾ ಎಂಬ ಊರಿತ್ತು. ಹಸನ್ ಬಾಬಾ ಎಂಬ ಮುಸ್ಲಿಂ ಸಂತನ ಆಶ್ರಮದಿಂದ ಬಂದ ಹೆಸರು; ಅದರ ಪಾಳು ಗೋಡೆಗಳು ಇಂದಿಗೂ ಇವೆ. ಸೈನ್ಯ, ಸುಂಕದವರು, ಪ್ರಯಾಣಿಕರು ಎಲ್ಲರೂ ಕೆಳಗಿನ ದಾರಿಯಲ್ಲೇ ಹೋಗುತ್ತಿದ್ದರು. ಅಂಬೆಲಾಕಿಯಾ ಅದಕ್ಕಿಂತ ಮೇಲೆ, ಒಸ್ಸಾದ ಹೆಗಲ ಮೇಲೆ ಕುಳಿತು ಎಲ್ಲವನ್ನೂ ನೋಡುತ್ತಿತ್ತು. ಬೇಕೆಂದವರು ಮಾತ್ರ ಹತ್ತಿ ಹೋಗಬೇಕಾದ ಊರು.

‘ತುರ್ಕರ ಆಳ್ವಿಕೆಯ 400 ವರ್ಷಗಳ ಕತ್ತಲೆ’ ಎಂಬುದು ಗ್ರೀಸಿನ ಶಾಲಾಪುಸ್ತಕದ ಹಳೆಯ ಮಾತು. ಥೆಸ್ಸಲಿಯ ಲೆಕ್ಕದಲ್ಲಿ 400 ಕೂಡ ಕಡಿಮೆಯೇ. ಒಟ್ಟೋಮನ್ ಸೈನ್ಯ ಈ ಬಯಲಿಗೆ ಕಾಲಿಟ್ಟದ್ದು 14ನೆಯ ಶತಮಾನದ ಕೊನೆಯಲ್ಲಿ, ಬಿಟ್ಟುಹೋದದ್ದು 1881ರಲ್ಲಿ. ಬಯಲಿನ ಕತೆ ನಿಜಕ್ಕೂ ಕತ್ತಲೆಯದೇ. ಗೋಧಿ, ಹತ್ತಿ ಬೆಳೆಯುವ ಫಲವತ್ತಾದ ನೆಲ ಕಾಲಕ್ರಮದಲ್ಲಿ ದೊಡ್ಡ ದೊಡ್ಡ ಜಮೀನ್ದಾರಿಗಳಾಯಿತು. ಚಿಫ್ಟ್‌ಲಿಕ್ ಎಂದು ಕರೆಯುತ್ತಿದ್ದ ಆ ಹಿಡುವಳಿಗಳಲ್ಲಿ ರೈತ ದುಡಿಯುತ್ತಿದ್ದ, ಬೆಳೆಯ ದೊಡ್ಡ ಪಾಲು ಒಡೆಯನ ಮನೆಗೆ ಹೋಗುತ್ತಿತ್ತು. ಬೆಟ್ಟದ ಊರಿನವರಿಗೆ ಬೇರೆಯೇ ದಾರಿ. ಕ್ರೈಸ್ತರು ಸುಲ್ತಾನನಿಗೆ ಜಿಝಿಯಾ ಎಂಬ ತಲೆಗಂದಾಯ ಕೊಡಲೇಬೇಕಿತ್ತು. ಆದರೆ ಅದನ್ನು ಇಡೀ ಊರಿನ ಲೆಕ್ಕದಲ್ಲಿ ಒಟ್ಟುಗೂಡಿಸಿ ಒಪ್ಪಿಸುವವರು ಊರಿನದೇ ಹಿರಿಯರು. ನಮ್ಮ ಗೌಡಿಕೆಗೆ ಹೋಲಿಸಬಹುದಾದ ಏರ್ಪಾಡು. ಹಣ ಸಮಯಕ್ಕೆ ಸರಿಯಾಗಿ ಬರುವವರೆಗೆ ಬಯಲಿನ ದೊಡ್ಡ ಪಟ್ಟಣ ಲಾರಿಸಾದ ಅಧಿಕಾರಿಗೆ ಬೆಟ್ಟ ಹತ್ತುವ ಗರಜು ಇರಲಿಲ್ಲ. ತೆರಿಗೆಯನ್ನು ಕೂಡಿ ತುಂಬುವ ಈ ಒತ್ತಾಯವೇ ಊರಿಗೆ ಕೂಡಿ ಲೆಕ್ಕ ಇಡುವುದನ್ನು ಕಲಿಸಿತು ಎಂದು ನನ್ನ ಅನುಮಾನ. ತಲೆಗಂದಾಯದ ಪಟ್ಟಿ ಬರೆದ ಕೈಯೇ ಮುಂದೆ ವ್ಯಾಪಾರದ ಕಿರ್ದಿ ಬರೆಯಿತು.

ಬರೆಯಲು ವ್ಯಾಪಾರ ಬೇಕಲ್ಲ. ಅದು ಈ ಊರಿಗೆ ಬಂದದ್ದು ಬಣ್ಣದಿಂದ.

ಕೆಂಪಿನ ಮೂಲ ಒಂದು ಬೇರು. ನಮ್ಮ ಗ್ರಂದಿಗೆ ಅಂಗಡಿಯಲ್ಲಿ ಸಿಗುವ ಮಂಜಿಷ್ಠದ ಹತ್ತಿರದ ಬಂಧು. ಗ್ರೀಕರು ಅದನ್ನು ರಿಝಾರಿ ಎನ್ನುತ್ತಿದ್ದರು. ಅನಟೋಲಿಯಾದಿಂದಲೂ ಗ್ರೀಸಿನ ಬೋಯೋಷಿಯಾದಿಂದಲೂ ಒಣಗಿದ ಬೇರು ಬರುತ್ತಿತ್ತು, ಹತ್ತಿ ಕೆಳಗಿನ ಬಯಲಿನಿಂದ. ಉಣ್ಣೆಗೆ, ರೇಷ್ಮೆಗೆ ಈ ಬಣ್ಣ ಸುಲಭವಾಗಿ ಹತ್ತುತ್ತದೆ. ಹತ್ತಿ ಮಾತ್ರ ಹಟಮಾರಿ. ಬೇರಿನ ರಸದಲ್ಲಿ ಕುದಿಸಿದರೆ ಮಂಕು ಇಟ್ಟಿಗೆಬಣ್ಣ ಬರುತ್ತದೆ, ಎರಡು ಒಗೆತಕ್ಕೆ ಅದೂ ಹೋಗುತ್ತದೆ. ಹಟ ಮುರಿಯಲು ಬೇಕಾದದ್ದು ತಿಂಗಳುಗಟ್ಟಲೆ ಎಳೆಯುವ ಉಪಚಾರ. ನೂಲಿನ ಲಡಿಗಳನ್ನು ಮೊದಲು ಸೋಡಾಬೂದಿಯ ತಿಳಿಯಲ್ಲಿ ಕುದಿಸಿ ಜಿಡ್ಡು ತೆಗೆಯಬೇಕು. ಆಮೇಲೆ ಅದೇ ತಿಳಿಗೆ ಆಲಿವ್ ಎಣ್ಣೆ ಬೆರೆಸಿ ಹಾಲಿನಂತೆ ಮಾಡಿಕೊಂಡು, ಅದಕ್ಕೆ ಕುರಿಯ ಹಿಕ್ಕೆ ಕದಡಿ, ಲಡಿಗಳನ್ನು ಅದ್ದಿ ತುಳಿದು ಹಿಂಡಿ ಬಿಸಿಲಿಗೆ ಹರಡಬೇಕು. ಒಣಗಿದ ಮೇಲೆ ಮತ್ತೆ ಅದ್ದಬೇಕು, ಮತ್ತೆ ಒಣಗಿಸಬೇಕು. ಹೀಗೆ ಹಲವು ಸುತ್ತು. ನಂತರ ಮಾಚಿಕಾಯಿಯ ಕಷಾಯ. ನಂತರ ಪಟಿಕದ ನೀರು. ಇಷ್ಟಾದ ಮೇಲೆ ಬೇರಿನ ಪುಡಿಯ ಕೊಪ್ಪರಿಗೆಗೆ ನೂಲನ್ನು ಇಳಿಸುತ್ತಿದ್ದರು, ಅದರಲ್ಲಿ ದನದ ಅಥವಾ ಕುರಿಯ ರಕ್ತವನ್ನೂ ಬೆರೆಸಿ. ಕೊಪ್ಪರಿಗೆಯಿಂದ ಹೊರಬಂದಾಗ ನೂಲು ಕಂದುಗೆಂಪು, ನೋಡಲು ಅಸಹ್ಯ. ಕೊನೆಗೊಮ್ಮೆ ಸೋಡಾನೀರಿನಲ್ಲಿ ಗಂಟೆಗಟ್ಟಲೆ ಕುದಿಸಿದಾಗ ಕೊಳೆಯೆಲ್ಲ ಕಳೆದು ದಾಳಿಂಬೆ ಒಡೆದಂತೆ ಕೆಂಪು ಹೊಳೆಯುತ್ತಿತ್ತು.

ಹಿಕ್ಕೆ ಯಾಕೆ, ರಕ್ತ ಯಾಕೆ ಎಂದು ಕೇಳಿದರೆ ಆ ಬಣ್ಣಗಾರರ ಬಳಿ ಉತ್ತರವಿರಲಿಲ್ಲ. ಯುರೋಪಿನ ರಸಾಯನಶಾಸ್ತ್ರಜ್ಞರೂ ಇದರ ಹಿಂದೆ ದಶಕಗಟ್ಟಲೆ ತಲೆ ಕೆಡಿಸಿಕೊಂಡರು. ಎಣ್ಣೆ, ಪಟಿಕ, ಬೇರಿನ ಬಣ್ಣ ಮೂರೂ ನೂಲಿನ ಎಳೆಯೊಳಗೆ ಬೆಸೆದುಕೊಂಡು ನೀರಿಗೆ ಕರಗದ ಒಂದೇ ವಸ್ತುವಾಗುತ್ತವೆ ಎಂಬುದು ತಿಳಿದದ್ದು ತಡವಾಗಿ. ಎಲ್ಲವೂ ನಮ್ಮಲ್ಲೇ ಹುಟ್ಟಿದ್ದು ಎನ್ನುವವರನ್ನು ಕಂಡರೆ ನಾನು ದೂರ ಸರಿಯುವವನು. ಆದರೆ ಎಣ್ಣೆ, ಸೆಗಣಿ, ಪಟಿಕಗಳಿಂದ ಹತ್ತಿಗೆ ಕೆಂಪು ಹಿಡಿಸುವ ಕೆಲಸವನ್ನು ಕೋರಮಂಡಲ ಕರಾವಳಿಯ ಬಣ್ಣಗಾರರು ಬಹಳ ಹಿಂದಿನಿಂದ ಮಾಡುತ್ತಿದ್ದರು ಎಂಬುದು ಸತ್ಯ. ಈ ವಿದ್ಯೆ ಭಾರತದಿಂದ ಪಶ್ಚಿಮಕ್ಕೆ ನಡೆದುಹೋಯಿತು ಎಂದು ಬಣ್ಣದ ಚರಿತ್ರೆ ಬರೆದ ಅನೇಕರು ನಂಬುತ್ತಾರೆ. ಹಾಗಿದ್ದರೆ ನಮ್ಮ ಅಜ್ಜ ಗ್ಲಾಸ್ಗೋದಿಂದ ತರಿಸಿದ ನೂಲು ಒಂದು ದೊಡ್ಡ ಸುತ್ತು ಹಾಕಿ ತಿರುಗಿ ಬಂದದ್ದು.

ಊರಿನ ಬಣ್ಣದ ಮನೆಗಳು ಮೊದಲಿಗೆ ಒಂದರ ಮೇಲೊಂದು ಪೈಪೋಟಿಗೆ ಬಿದ್ದಿದ್ದವು. ಇದರಿಂದ ಎಲ್ಲರಿಗೂ ನಷ್ಟವೆಂದು ಅರಿತು 1778ರ ಸುಮಾರಿಗೆ ಅವು ಒಂದೇ ಕಂಪನಿಯಾದವು. ‘ಕೂಡು ಪಾಲುದಾರಿಕೆ ಮತ್ತು ಸೋದರಬಳಗ’ ಎಂದು ಅದರ ಗ್ರೀಕ್ ಹೆಸರನ್ನು ಕನ್ನಡಿಸಬಹುದು. ಹಣ ಹಾಕಿದವರಿಗೂ ಪಾಲು, ಕೈಕೆಲಸ ಮಾಡಿದವರಿಗೂ ಪಾಲು. ಲಾಭದಲ್ಲಿ ಒಂದಿಷ್ಟು ಬಡವರಿಗೆ, ಒಂದಿಷ್ಟು ಶಾಲೆಗೆ. 1790ರ ದಶಕದಲ್ಲಿ ಥೆಸ್ಸಲೋನಿಕಿಯಲ್ಲಿ ಫ್ರಾನ್ಸಿನ ಕಾನ್ಸಲ್ ಆಗಿದ್ದ ಫೆಲಿಕ್ಸ್ ಬೋಜೂರ್ ಈ ಊರನ್ನು ಬಹಳ ಹತ್ತಿರದಿಂದ ನೋಡಿ ಬರೆದ. ವ್ಯಾಪಾರದ ಗುಟ್ಟು ಅರಿಯುವುದೇ ಅವನ ಉದ್ಯೋಗವಾಗಿದ್ದರಿಂದ ಅಂಕಿಗಳನ್ನು ಬಿಡದೆ ಕೊಟ್ಟಿದ್ದಾನೆ. 4,000 ಜನ, 24 ಬಣ್ಣದ ಮನೆಗಳು, ವರ್ಷಕ್ಕೆ ತಲಾ 100 ಓಕಾ ತೂಕದ 2,500 ಮೂಟೆ ಕೆಂಪು ನೂಲು. ಓಕಾ ಎಂದರೆ ಸುಮಾರು 1.28 ಕಿಲೋ. ಕೂಡಿಸಿದರೆ 3,20,000 ಕಿಲೋ ಆಗುತ್ತದೆ. ಕುದುರೆಗೊಂದು ಮೂಟೆ ಹೇರಿದರೆ ಆ ಕಡಿದಾದ ದಾರಿಯಲ್ಲಿ ವರ್ಷಕ್ಕೆ 2,500 ಕುದುರೆಗಳು ಇಳಿಯಬೇಕು. ಗಂಡಸರು ಬಣ್ಣ ಹಾಕುತ್ತಿದ್ದರು, ಹೆಂಗಸರು ನೂಲುತ್ತಿದ್ದರು, ಮಕ್ಕಳಿಗೂ ಕೆಲಸ ತಪ್ಪುತ್ತಿರಲಿಲ್ಲ. ಇದು ತುರ್ಕರ ರಾಜ್ಯದ ಹಳ್ಳಿಯಂತಿಲ್ಲ, ಹಾಲೆಂಡಿನ ಪೇಟೆಯಂತಿದೆ ಎಂದು ಅವನಿಗೆ ಅನ್ನಿಸಿತು. ಲಾರಿಸಾದಿಂದ ಎರಡು ಬಾರಿ ಕೊಳ್ಳೆ ಹೊಡೆಯಲು ಬಂದವರನ್ನು ಬಣ್ಣಗಾರರೇ ಬಂದೂಕು ಹಿಡಿದು ಓಡಿಸಿದರು ಎಂದೂ ಬರೆದಿದ್ದಾನೆ. ಕೆಂಪು ಕೈಗಳ ಆ ಸೈನಿಕರನ್ನು ಕಲ್ಪಿಸಿಕೊಂಡರೆ ನನಗೆ ಸ್ವಲ್ಪ ನಗು, ಸ್ವಲ್ಪ ಹೆಮ್ಮೆ.

ನೂಲು ಹೋಗುತ್ತಿದ್ದುದು ಇಸ್ತಾಂಬುಲ್‌ಗಲ್ಲ, ವಿಯೆನ್ನಾಕ್ಕೆ. ಅಲ್ಲಿಂದ ಲೈಪ್‌ಜಿಗ್, ಡ್ರೆಸ್ಡೆನ್‌ಗಳಿಗೆ. 1718ರಲ್ಲಿ ಪಸಾರೊವಿಟ್ಸ್‌ನಲ್ಲಿ ಸುಲ್ತಾನನಿಗೂ ಹ್ಯಾಬ್ಸ್‌ಬರ್ಗ್ ಚಕ್ರವರ್ತಿಗೂ ಒಪ್ಪಂದವಾಗಿ, ಸುಲ್ತಾನನ ಪ್ರಜೆ ಆಸ್ಟ್ರಿಯಾದಲ್ಲಿ 3 ಪ್ರತಿಶತ ಸುಂಕ ಕೊಟ್ಟರೆ ಸಾಕೆಂದಾಗಿತ್ತು. ಅಂದರೆ ಒಟ್ಟೋಮನ್ ಪ್ರಜೆಯಾಗಿರುವುದೇ ಅಂಬೆಲಾಕಿಯಾದ ವ್ಯಾಪಾರಿಗೆ ಲಾಭ. ಕತ್ತಲೆಯ ಕತೆಯಲ್ಲಿ ಈ ಪುಟ ಹರಿದುಹೋಗಿರುತ್ತದೆ. ದಾರಿ ಮಾತ್ರ ಸುಲಭದ್ದಲ್ಲ. ಬೆಲ್‌ಗ್ರೇಡ್ ದಾಟಿ ನದಿಯಾಚೆಯ ಝೆಮುನ್‌ನಲ್ಲಿ ಪ್ಲೇಗಿನ ಭಯಕ್ಕೆ ಸರಕನ್ನೂ ಮನುಷ್ಯರನ್ನೂ ತಡೆದಿಡುತ್ತಿದ್ದರು. ಹತ್ತಿಯಲ್ಲಿ ರೋಗ ಅಡಗಿರುತ್ತದೆಂಬ ನಂಬಿಕೆಯಿಂದ ಮೂಟೆಗಳನ್ನು ಬಿಚ್ಚಿ ಗಾಳಿಗೆ ಹರಡಬೇಕು. ಬಿಚ್ಚಿದ್ದನ್ನು ಮತ್ತೆ ಕಟ್ಟಬೇಕು.

ವಿಯೆನ್ನಾದಲ್ಲಿ ಫ್ಲೈಷ್‌ಮಾರ್ಕ್ಟ್ ಎಂಬ ಬೀದಿಯ ಸುತ್ತ ಗ್ರೀಕ್ ವರ್ತಕರ ಕೇರಿಯೇ ಬೆಳೆಯಿತು. ಅಲ್ಲಿ ಕಂಪನಿಯ ಯಜಮಾನರಾದ ಮಾವ್ರೋಸ್ ಮನೆತನದವರು ತಮ್ಮ ಹೆಸರನ್ನೇ ಜರ್ಮನ್ ಭಾಷೆಗೆ ತಿರುಗಿಸಿಕೊಂಡರು. ಮಾವ್ರೋಸ್ ಎಂದರೆ ಕಪ್ಪು, ಜರ್ಮನ್ನಿನಲ್ಲಿ ಶ್ವಾರ್ಟ್ಸ್. ಕರಿಯಪ್ಪನವರು ಲಂಡನ್ನಿಗೆ ಹೋಗಿ ಬ್ಲ್ಯಾಕ್ ಆದಂತೆ. ಕೆಂಪಿನಿಂದ ದುಡಿದ ಕಪ್ಪು! ಜಾರ್ಜಿಯೋಸ್ ಶ್ವಾರ್ಟ್ಸ್ 1787ರಿಂದ 1798ರವರೆಗೆ ಊರಿನಲ್ಲಿ ಕಟ್ಟಿಸಿದ ಮೂರಂತಸ್ತಿನ ಮನೆ ಈಗ ವಸ್ತುಸಂಗ್ರಹಾಲಯ. ಚಿತ್ರಗಳಲ್ಲಿ ಅದನ್ನು ಮತ್ತೆ ಮತ್ತೆ ನೋಡಿದ್ದೇನೆ. ಕೆಳಗೆ ಕಂಪನಿಯ ಕಚೇರಿ, ನಡುವೆ ಚಳಿಗಾಲದ ಕೋಣೆಗಳು, ಮೇಲೆ ಗೋಡೆಯಿಂದ ಹೊರಚಾಚಿದ ಬೇಸಿಗೆಯ ಅಂಕಣಗಳು. ಕೆತ್ತನೆಯ ಛಾವಣಿ, ಬಣ್ಣದ ಗಾಜು, ಗೋಡೆಯ ತುಂಬ ಹೂಗಳು, ಹಡಗುಗಳಿರುವ ಕನಸಿನ ನಗರಗಳು. ಮನೆಯ ಮೈಕಟ್ಟು ಅಪ್ಪಟ ಒಟ್ಟೋಮನ್, ಮೈಮೇಲಿನ ಅಲಂಕಾರ ವಿಯೆನ್ನಾದ್ದು, ಯಜಮಾನನ ಪ್ರಾರ್ಥನೆ ಗ್ರೀಕ್ ಭಾಷೆಯದು.

ಚಿತ್ರಕಾರ ಗೋಡೆಯ ಮೇಲೆ 1798 ಎಂದು ಬರೆದ ಅದೇ ವರ್ಷ ಥೆಸ್ಸಲಿಯ ವೆಲೆಸ್ಟಿನೋ ಊರಿನ ರಿಗಾಸ್ ಎಂಬುವನನ್ನು ಬೆಲ್‌ಗ್ರೇಡಿನಲ್ಲಿ ಕೊಂದರು. ವಿಯೆನ್ನಾದ ಗ್ರೀಕ್ ಕೇರಿಯಲ್ಲಿದ್ದು ಸ್ವಾತಂತ್ರ್ಯದ ಕನಸಿನ ದೊಡ್ಡ ನಕ್ಷೆಯನ್ನು 12 ಹಾಳೆಗಳಲ್ಲಿ ಅಚ್ಚು ಹಾಕಿಸಿದ್ದ ಅವನನ್ನು ಹಿಡಿದು ಸುಲ್ತಾನನ ಕಡೆಯವರಿಗೆ ಒಪ್ಪಿಸಿದ್ದು ಆಸ್ಟ್ರಿಯಾದ ಪೊಲೀಸರೇ. ನೂಲಿನ ಮೂಟೆ ಹೋದ ದಾರಿಯಲ್ಲೇ ಅವನನ್ನು ಹಿಂದಕ್ಕೆ ಕಳುಹಿಸಿದರು.

ಇಂದು ಗ್ರೀಸಿನಲ್ಲಿ ಅಂಬೆಲಾಕಿಯಾವನ್ನು ಜಗತ್ತಿನ ಮೊದಲ ಸಹಕಾರ ಸಂಘವೆಂದು ಹೊಗಳುವುದುಂಟು. ರೋಚ್‌ಡೇಲ್‌ಗಿಂತ, ಅಂದರೆ 1844ರ ಇಂಗ್ಲೆಂಡಿನ ಸಹಕಾರ ಸಂಘಕ್ಕಿಂತ, ಹಿಂದಿನದು ಎನ್ನುತ್ತಾರೆ. ನಾನು ಗದಗ ಸೀಮೆಯವನು. ನಮ್ಮ ದೇಶದ ಮೊದಲ ಸಹಕಾರ ಸಂಘವೆಂದು ಹೇಳುವ 1905ರ ಕಣಗಿನಹಾಳದ ಸಂಘದ ಹೆಸರು ಕೇಳಿ ಬೆಳೆದವನಾದ್ದರಿಂದ ‘ಮೊದಲು’ ಎಂಬ ಮಾತಿನ ರುಚಿಯೂ ಗೊತ್ತು, ಅಪಾಯವೂ ಗೊತ್ತು. ಕಣಗಿನಹಾಳದಲ್ಲಿ ಕೂಡಿದವರು ಸಾಲ ಬೇಕಾದ ರೈತರು. ಅಂಬೆಲಾಕಿಯಾದಲ್ಲಿ ಚುಕ್ಕಾಣಿ ಇದ್ದದ್ದು ವರ್ತಕರ ಕೈಯಲ್ಲಿ, ಹತ್ತಿ ಬೆಳೆದ ಬಯಲಿನ ರೈತನಿಗೆ ಅಲ್ಲಿ ಪಾಲೇ ಇರಲಿಲ್ಲ. ಆದರೂ ಬಣ್ಣದ ಕೊಪ್ಪರಿಗೆ ಕಲಕುವವನ ಹೆಸರನ್ನು ಲಾಭದ ಪುಟದಲ್ಲಿ ಬರೆದದ್ದು ಆ ಕಾಲಕ್ಕೆ ಸಣ್ಣ ಮಾತಲ್ಲ.

ಅದು ಹೇಗೆ ಮುರಿಯಿತು ಎಂಬುದನ್ನು ಹೇಳಿದವನು ಡೇವಿಡ್ ಅರ್ಕಾರ್ಟ್. 1830ರ ಸುಮಾರಿಗೆ ಈ ಪ್ರದೇಶದಲ್ಲಿ ಸುತ್ತಾಡಿದವನು, ಕೇಳಿ, ಸ್ಕಾಟ್ಲೆಂಡಿನವನೇ. ಕಂಪನಿಯ ಯಾವುದೋ ಒಂದು ನಿಯಮವನ್ನು ಯಾರೋ ಮುರಿದರು. ತಕರಾರು ಹುಟ್ಟಿತು. ಊರು ಎರಡು ಬಣವಾಯಿತು. ವ್ಯಾಜ್ಯ ಥೆಸ್ಸಲೋನಿಕಿಗೆ ಹೋಯಿತು, ಇಸ್ತಾಂಬುಲ್‌ಗೆ ಹೋಯಿತು, ಜರ್ಮನ್ ನಾಡಿಗೂ ಹೋಯಿತು. ಒಂದು ಕಡೆ ಬಂದ ತೀರ್ಪನ್ನು ಸೋತವರು ಒಪ್ಪದೆ ಇನ್ನೊಂದು ಕಡೆ ಒಯ್ದರು. ವರ್ಷಗಟ್ಟಲೆ, ಅಪಾರ ಖರ್ಚಿನಲ್ಲಿ.

ಇದನ್ನು ಓದಿದ ರಾತ್ರಿ ನಾನು ಕಿರ್ದಿ ಪುಸ್ತಕ ತೆಗೆದು ಕುಳಿತೆ. ನಮ್ಮ ಅಜ್ಜ ಮತ್ತು ಅವರ ಪಾಲುದಾರರ ಜಗಳ ಏಳು ಗಂಟು ನೂಲಿನ ಬಾಬ್ತು. ಪುಸ್ತಕದಲ್ಲಿ ಆ ಏಳಕ್ಕೆ ಯಾರೋ ಪೆನ್ಸಿಲಿನಲ್ಲಿ ಸುತ್ತು ಹಾಕಿದ್ದಾರೆ. ಗದಗಿನಿಂದ ಧಾರವಾಡಕ್ಕೆ, ಧಾರವಾಡದಿಂದ ಮುಂಬಯಿಗೆ ಹೋದ ಆ ಖಟ್ಲೆಯಲ್ಲಿ ವಕೀಲರ ಫೀಜು, ರೈಲಿನ ಖರ್ಚುಗಳನ್ನೂ ಅಜ್ಜ ಅದೇ ಪುಸ್ತಕದಲ್ಲಿ ಅದೇ ಚೊಕ್ಕ ಅಕ್ಷರದಲ್ಲಿ ಬರೆಯುತ್ತ ಹೋಗಿದ್ದಾರೆ. ನೂಲಿನ ಲೆಕ್ಕ ಎಲ್ಲಿ ಮುಗಿಯಿತು, ಖಟ್ಲೆಯ ಲೆಕ್ಕ ಎಲ್ಲಿ ಶುರುವಾಯಿತು ಎಂದು ಪುಟ ತಿರುವುವವರಿಗೆ ತಟ್ಟನೆ ತಿಳಿಯುವುದೂ ಇಲ್ಲ. ತುರ್ಕರ ತೆರಿಗೆಯನ್ನು, ಬೆಟ್ಟವನ್ನು, ಪ್ಲೇಗಿನ ಠಾಣೆಯನ್ನು ತಾಳಿಕೊಂಡ ಊರು ತನ್ನದೇ ನಿಯಮದ ಒಂದು ಕಲಮಿಗೆ ಬಿರುಕು ಬಿಟ್ಟಿತೆಂದು ನಂಬಲು ನನಗೆ ಕಷ್ಟವಾಗಲಿಲ್ಲ.

ಉಳಿದ ಕೆಲಸವನ್ನು ಹೊರಗಿನವರು ಮುಗಿಸಿದರು. ನೆಪೋಲಿಯನ್ನನ ಯುದ್ಧಗಳಲ್ಲಿ 1805ರಲ್ಲೊಮ್ಮೆ, 1809ರಲ್ಲೊಮ್ಮೆ ವಿಯೆನ್ನಾ ಫ್ರೆಂಚರ ಕೈಗೆ ಬಿತ್ತು. ಖಜಾನೆ ಬರಿದಾದ ಆಸ್ಟ್ರಿಯಾ ಸರ್ಕಾರ 1811ರಲ್ಲಿ ದಿವಾಳಿ ಸಾರಿ, ತನ್ನ ಕಾಗದದ ನೋಟುಗಳ ಬೆಲೆಯನ್ನು ಐದರಲ್ಲಿ ಒಂದಕ್ಕೆ ಇಳಿಸಿತು. ಅಂಬೆಲಾಕಿಯಾದ ಗಳಿಕೆ ಇದ್ದದ್ದೇ ವಿಯೆನ್ನಾದಲ್ಲಿ. ಇತ್ತ ಯೋಆನಿನಾದ ಒಟ್ಟೋಮನ್ ಸುಬೇದಾರ ಅಲಿ ಪಾಷಾನ ಕೈ ಥೆಸ್ಸಲಿಯವರೆಗೂ ಚಾಚಿ ವಸೂಲಿ ಬಿಗಿಯಾಗಿತ್ತು. ಎಲ್ಲಕ್ಕಿಂತ ಮೇಲೆ ಇಂಗ್ಲೆಂಡಿನ ಯಂತ್ರದ ನೂಲು. ಊರಿನ ಹೆಂಗಸರು ಕದಿರಿನಲ್ಲಿ ತೆಗೆದ ನೂಲಿಗಿಂತ ಅದು ಅಗ್ಗ, ಬಣ್ಣದ ಗುಟ್ಟಂತೂ ಆಗಲೇ ರುವಾನ್, ಮ್ಯಾಂಚೆಸ್ಟರ್, ಗ್ಲಾಸ್ಗೋ ಸೇರಿತ್ತು. ಅದೇ ಯಂತ್ರದ ನೂಲು ಮುಂದೆ ನಮ್ಮ ಹಳ್ಳಿಗಳ ರಾಟೆಯನ್ನೂ ನಿಲ್ಲಿಸಿತು. 1811–12ರ ಹೊತ್ತಿಗೆ ಕಂಪನಿ ಚದುರಿತು. 1868ರಲ್ಲಿ ಗ್ರೇಬೆ ಮತ್ತು ಲೀಬರ್ಮನ್ ಎಂಬ ಜರ್ಮನ್ ರಸಾಯನಶಾಸ್ತ್ರಜ್ಞರು ಬೇರಿನ ಕೆಂಪನ್ನು ಕಲ್ಲಿದ್ದಲ ಡಾಂಬರಿನಿಂದ ತಯಾರಿಸಿ ತೋರಿಸಿದರು. ಬೇರು ಬೆಳೆಯುವವರೂ ಮನೆ ಸೇರಿದರು.

1821ರ ಗ್ರೀಕ್ ದಂಗೆಯಿಂದ ಹುಟ್ಟಿದ ಸ್ವತಂತ್ರ ರಾಜ್ಯದ ಗಡಿ ಥೆಸ್ಸಲಿಯ ದಕ್ಷಿಣಕ್ಕೇ ನಿಂತಿತು. ಕೊಪ್ಪರಿಗೆ ಆರಿದ ಮೇಲೂ ಊರು 70 ವರ್ಷ ಸುಲ್ತಾನನದೇ ಆಗಿತ್ತು. ಗ್ರೀಸಿನ ಧ್ವಜ ಬಂದಾಗ ಮಾರಲು ಅಲ್ಲಿ ನೂಲು ಇರಲಿಲ್ಲ.

ಇಷ್ಟನ್ನೂ ಮೊನ್ನೆ ಅತ್ತೆಗೆ ಹೇಳಿದೆ. ಅವರಿಗೆ ಈಗ 86. ಎಲ್ಲವನ್ನೂ ಕೇಳಿಸಿಕೊಂಡು, “ಆ ಊರಿನವರು ಖಟ್ಲೆ ಗೆದ್ದರೋ?” ಎಂದರು.

“ಯಾರೂ ಗೆಲ್ಲಲಿಲ್ಲ, ಅತ್ತೆ. ನೀವು ದಿನಾ ಪೂಜೆ ಮಾಡುತ್ತಿರುವುದು ಸ್ಕಾಟ್ಲೆಂಡಿನ ನೂಲಿನ ಚೀಟಿಗೆ, ಗೊತ್ತೇ?”

“ಚೀಟಿ ಯಾರದಾದರೇನು, ಅದರ ಮೇಲೆ ಕುಳಿತವಳು ಯಾರು ಹೇಳು” ಎಂದು ಎದ್ದು, ಒದ್ದೆ ಬೆರಳಿಗೆ ಕುಂಕುಮ ತೆಗೆದುಕೊಂಡು ಗಾಜಿನ ಮೇಲೆ ಹಚ್ಚಿದರು. ನಾನು ಒರೆಸಿ ಇನ್ನೂ ಎರಡು ದಿನವಾಗಿರಲಿಲ್ಲ.